ನಾಲ್ಕನೇ ಕ್ರೋಮೋಸೋಮಿನ ತುದಿಯ ಲವಂಗ

2022ನೇ ಇಸವಿ. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಹತ್ತಿರ, ಟೈರ್ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಆಹಾರ ಪರೀಕ್ಷಾ ಲ್ಯಾಬ್ ಇತ್ತು, ಈಗಲೂ ಇದೆ. ಬೋರ್ಡಿನಲ್ಲಿ ನನ್ನ ಹುದ್ದೆ ‘ವ್ಯವಸ್ಥಾಪಕ ನಿರ್ದೇಶಕಿ’. ಅಷ್ಟುದ್ದದ ಹುದ್ದೆಯಲ್ಲಿ ಕೂತವಳು ಒಂದು ಕಾಲಕ್ಕೆ ಮೊಪೆಡ್ಡಿನ ಹಿಂದೆ ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಕಾಲೇಜು ಲ್ಯಾಬುಗಳಿಗೆ ಬೀಕರು, ಪಿಪೆಟ್ಟು ಮಾರುತ್ತಿದ್ದವಳು. ನಾನು ವಿಜ್ಞಾನ ಓದಿದ್ದು ಪಿಯುಸಿವರೆಗೆ. ಮಿಕ್ಕಿದ್ದೆಲ್ಲ ಗಿರಾಕಿಗಳಾದ ಮೇಷ್ಟ್ರುಗಳ ತಲೆ ತಿಂದು ಕಲಿತದ್ದು. ಅವರು ಸಾಮಾನಿನ ಬೆಲೆ ಇಳಿಸು ಅಂದಾಗ, ‘ಇಳಿಸ್ತೀನಿ ಸಾರ್, ಇದು ಯಾವ ಕೆಲಸಕ್ಕೆ ಅಂತ ಮೊದಲು ಹೇಳಿಕೊಡಿ’ ಅನ್ನುತ್ತಿದ್ದೆ. ನನ್ನ ಕಾಲೇಜು ಅದು.

ಕೋವಿಡ್ ಮುಗಿದ ಮೇಲೆ ಊರಿನ ಒಂದು ಪರೀಕ್ಷಾ ಕೇಂದ್ರ ಬಾಗಿಲು ಹಾಕಿತು. ಅವರ ಪಿಸಿಆರ್ ಮಷೀನು ಮಾರಾಟಕ್ಕೆ ಬಂತು. ಪಿಸಿಆರ್ ಅಂದರೆ ಗಾಬರಿಯಾಗಬೇಡಿ. ಒಂದು ಜೀವಿಯ ಡಿಎನ್‌ಎಯಲ್ಲಿ ನಮಗೆ ಬೇಕಾದ ತುಂಡನ್ನಷ್ಟೇ ಹಿಡಿದು, ಅದರ ಕೋಟಿಗಟ್ಟಲೆ ನಕಲು ತೆಗೆಯುವ ಯಂತ್ರ, ಒಂಥರಾ ಜೆರಾಕ್ಸ್. ಕೊಳ್ಳಲು ಬಂದ ಉಳಿದವರು ಬೆಲೆಗೆ ಗುದ್ದಾಡಿದರು. ನಾನು ಬೆಲೆಯ ತಂಟೆಗೇ ಹೋಗಲಿಲ್ಲ. ಮೂಲೆಯಲ್ಲಿ ನಿಂತಿದ್ದ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್ ತೋರಿಸಿ, ‘ಅದನ್ನೂ ಸೇರಿಸಿ’ ಅಂದೆ. ಸೇರಿಸಿದರು. ಯಂತ್ರ ಕೊಳ್ಳುವವರಿಗೆ ನನ್ನ ಬುದ್ಧಿಮಾತು ಇಷ್ಟೇ: ಬೆಲೆ ಇಳಿಸುವುದಕ್ಕಿಂತ, ಜೊತೆಗೆ ಏನೇನು ಬರುತ್ತೆ ಅಂತ ಕೇಳಿ. ಆ ಫ್ರೀಜರ್ ಕಂಡು ನಮ್ಮ ಮನೆಯವರು ‘ಐಸ್‌ಕ್ರೀಮ್ ಅಂಗಡಿ ಇಡ್ತೀಯೇನೇ ಮಾರಾಯ್ತಿ’ ಅಂತ ನಕ್ಕಿದ್ದರು.

ಮಷೀನು ನಡೆಸಲು ಒಬ್ಬರು ಬೇಕಿತ್ತು. ರಾಗಿಗುಡ್ಡದ ಹುಡುಗಿ ನಯನಾ, ಮೈಕ್ರೋಬಯಾಲಜಿ ಎಂಎಸ್ಸಿ, ಸಂದರ್ಶನಕ್ಕೆ ಬಂದಳು. ನಾನು ಒಂದು ಪ್ರಶ್ನೆ ಕೇಳುವಷ್ಟರಲ್ಲಿ ಅವಳು ಮಷೀನಿನ ಬಗ್ಗೆ ನನಗೇ ನಾಲ್ಕು ಪ್ರಶ್ನೆ ಕೇಳಿದಳು. ಅವತ್ತೇ ಕೆಲಸಕ್ಕೆ ಸೇರಿಸಿಕೊಂಡೆ.

ಇಷ್ಟೆಲ್ಲ ಇದ್ದರೂ ನಮಗೆ ಬರುತ್ತಿದ್ದದ್ದು ಹಾಲು, ನೀರು, ಜೇನುತುಪ್ಪ. ಮಷೀನಿಗೆ ತಕ್ಕ ಕೇಸು ಬಂದದ್ದು ಆ ವರ್ಷದ ಬೇಸಿಗೆಯಲ್ಲಿ, ಒಂದು ಸ್ಟೀಲ್ ಡಬ್ಬಿಯೊಳಗೆ.

ಡಬ್ಬಿ ತಂದವರು ಭದ್ರಾವತಿಯ ಸೆಲ್ವಿ. ನಲವತ್ತರ ಆಸುಪಾಸು, ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಸಾಲಿನ ಹಿಂದೆ ಬೇಕರಿ. ಅವರ ಗಂಡನ ತಾತನ ಕಾಲಕ್ಕೆ ಮನೆಯವರು ಕಬ್ಬಿಣದ ಕೆಲಸಕ್ಕೆ ತಮಿಳು ಸೀಮೆಯಿಂದ ಬಂದವರು. ಬೇಕರಿ ಶುರು ಮಾಡಿದ್ದು ಸೆಲ್ವಿಯ ಅತ್ತೆ. ಶಿಫ್ಟ್ ಮುಗಿಸಿ ಬರುವವರಿಗೆ ಬಿಸಿ ಬನ್ನು. ಆ ಅತ್ತೆ ಈಗಿಲ್ಲ. ಬೇಕರಿಗೆ ಇರುವುದು ಅವರದೇ ಹೆಸರು.

ಸೆಲ್ವಿ ಡಬ್ಬಿಯ ಮುಚ್ಚಳ ತೆಗೆದರು. ಟೈರ್ ಅಂಗಡಿಯ ರಬ್ಬರ್ ವಾಸನೆಯನ್ನೆಲ್ಲ ಪಕ್ಕಕ್ಕೆ ಸರಿಸಿ ಲವಂಗದ ಘಮ ಎದ್ದಿತು.

“ಲವಂಗ ಚೆನ್ನಾಗಿ ಹಾಕ್ತೀರಿ” ಅಂದೆ.

ಅವರ ಕಣ್ಣಲ್ಲಿ ನೀರು ಬಂದೇಬಿಟ್ಟಿತು. “ನೀವೂ ಅದನ್ನೇ ಅಂದ್ರಲ್ಲ ಅಕ್ಕಾ! ಲವಂಗ ಹಾಕೋದೇ ಇಲ್ಲ. ಮೈದಾ, ಗೋಧಿಹಿಟ್ಟು, ಸಕ್ಕರೆ, ಉಪ್ಪು, ಎಣ್ಣೆ, ಹಳೇ ಹಿಟ್ಟು. ಮುರುಗನಾಣೆ, ಇನ್ನೇನೂ ಇಲ್ಲ.”

ಹಳೇ ಹಿಟ್ಟು ಅಂದರೆ, ಇವತ್ತಿನ ಕಲಸಿದ ಹಿಟ್ಟಿನಲ್ಲಿ ಒಂದು ಮುದ್ದೆ ಎತ್ತಿಟ್ಟು, ನಾಳೆಯ ಹಿಟ್ಟಿಗೆ ಅದನ್ನು ಸೇರಿಸಿ ಹುಳಿ ಬರಿಸುವುದು. ಮೊಸರಿಗೆ ಹೆಪ್ಪು ಇದ್ದ ಹಾಗೆ. ಅತ್ತೆ ಒಂದು ಭರಣಿಯಲ್ಲಿ ಶುರು ಮಾಡಿದ್ದು, ಅದೇ ಭರಣಿಯಲ್ಲಿ ಇವತ್ತಿನವರೆಗೂ ನಡೆದುಬಂದಿತ್ತು. ಸೆಲ್ವಿ ಅಂಗಡಿಯ ಯೀಸ್ಟ್ ಪ್ಯಾಕೆಟ್ ಬಳಸುತ್ತಿರಲಿಲ್ಲ.

ತೊಂದರೆ ಹೀಗಾಗಿತ್ತು. ಶಿವಮೊಗ್ಗದ ಒಂದು ಸೂಪರ್ ಮಾರ್ಕೆಟ್‌ನವರು ಈ ಬನ್ನು ತರಿಸಿ ಮಾರುತ್ತಿದ್ದರು. ಕವರಿನ ಮೇಲೆ ‘ಯಾವ ಎಸೆನ್ಸೂ ಸೇರಿಸಿಲ್ಲ’ ಅಂತ ಅಚ್ಚಾಗಿತ್ತು. ಯಾರೋ ಗಿರಾಕಿ, ಇಷ್ಟು ಲವಂಗದ ವಾಸನೆ ಹೊಡೆಯುತ್ತೆ, ಇದು ಸುಳ್ಳು ಅಂತ ದೂರು ಕೊಟ್ಟರು. ಖರೀದಿ ನೋಡಿಕೊಳ್ಳುವ ರಘುನಂದನ್ ಅನ್ನುವವರು ಬನ್ನನ್ನು ಬೇರೆ ಊರಿನ ಲ್ಯಾಬಿಗೆ ಕಳಿಸಿದರು. ಲವಂಗದಂಥ ಸುವಾಸನೆಯ ರಾಸಾಯನಿಕ ಇದೆ ಅಂತ ವರದಿ ಬಂತು. ಅಲ್ಲಿಗೆ ಮುಗಿಯಿತು.

“ಹೊಸ ಅಂಗಡಿ ಓಪನಿಂಗ್ ಇದೆಯಂತೆ. ಅಷ್ಟರೊಳಗೆ ನಾನು ಏನೂ ಹಾಕಿಲ್ಲ ಅಂತ ತೋರಿಸಬೇಕಂತೆ. ಇಲ್ಲಾಂದ್ರೆ ಆರ್ಡರ್ ಕ್ಯಾನ್ಸಲ್. ಆರ್ಡರ್ ಹೋದ್ರೆ ಇನ್ನೊಂದು ಹುಡುಕ್ತೀನಿ ಅಕ್ಕಾ. ಕಲಬೆರಕೆ ಬನ್ನು ಅಂತ ಹೆಸರು ಬಂದ್ರೆ? ಬೋರ್ಡಲ್ಲಿರೋದು ನಮ್ಮ ಅತ್ತೆ ಹೆಸರು.”

ಹಾಕಿದ್ದನ್ನು ತೋರಿಸುವುದು ಸುಲಭ. ಹಾಕಿಲ್ಲ ಅಂತ ತೋರಿಸುವುದು ಹೇಗೆ? ನಾನು ಆ ವರದಿಯನ್ನು ನಯನಾಳ ಮುಂದೆ ಇಟ್ಟೆ. ಅವಳು ಓದುತ್ತ ಓದುತ್ತ ಕುರ್ಚಿಯಲ್ಲಿ ನೆಟ್ಟಗಾದಳು.

“ಮೇಡಮ್, ಲವಂಗದ ಎಣ್ಣೆಯಲ್ಲಿ ಮುಖ್ಯವಾಗಿ ಇರೋದು ಯೂಜಿನಾಲ್. ಇದರಲ್ಲಿ ಯೂಜಿನಾಲ್ ಇಲ್ಲವೇ ಇಲ್ಲ. ಸಿಕ್ಕಿರೋದು ವಿನೈಲ್ ಗ್ವಯಕಾಲ್. ವಾಸನೆ ಒಂದೇ ಥರ, ಆದರೆ ವಸ್ತು ಬೇರೆ. ಇದನ್ನು ಯೀಸ್ಟೇ ಮಾಡಬಲ್ಲದು!”

ಅವಳು ವಿವರಿಸಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಯೀಸ್ಟ್ ಒಂದೇ ಕೋಶದ ಜೀವಿ. ಅದರ ಡಿಎನ್‌ಎ ಹದಿನಾರು ಕ್ರೋಮೋಸೋಮುಗಳಲ್ಲಿ ಹಂಚಿಕೊಂಡಿರುತ್ತೆ. ಒಂದೊಂದು ಕ್ರೋಮೋಸೋಮೂ ಒಂದು ಬಸ್ ರೂಟ್ ಅಂದುಕೊಳ್ಳಿ. ನಾಲ್ಕನೆಯದು ಉದ್ದದ ರೂಟುಗಳಲ್ಲಿ ಒಂದು. ಎ, ಟಿ, ಜಿ, ಸಿ ಅನ್ನುವ ಅಕ್ಷರಗಳಲ್ಲಿ ಅದರ ಉದ್ದ ಸುಮಾರು ಹದಿನೈದು ಲಕ್ಷ. ಆ ರೂಟಿನ ಕೊನೇ ಸ್ಟಾಪಿನ ಹತ್ತಿರ ಅಕ್ಕಪಕ್ಕದ ಎರಡು ಮನೆಗಳಿವೆ, ಅಂದರೆ ಎರಡು ಜೀನ್‌ಗಳು. ಎಫ್‌ಡಿಸಿ-1 ಅನ್ನುವ ಜೀನು ಕತ್ತರಿಸುವ ಕೆಲಸಗಾರನನ್ನು ತಯಾರು ಮಾಡುತ್ತೆ; ಪಕ್ಕದ ಮನೆಯದು ಅವನ ಕತ್ತಿಗೆ ಸಾಣೆ ಹಿಡಿದು ಕೊಡುತ್ತೆ. ಗೋಧಿಯ ತೌಡಿನಲ್ಲಿ ಫೆರುಲಿಕ್ ಆಸಿಡ್ ಅಂತ ಒಂದಿದೆ. ಹಿಟ್ಟು ಹೊತ್ತುಗಟ್ಟಲೆ ಹುಳಿ ಬರುವಾಗ ಅದು ಬಿಡಿಸಿಕೊಳ್ಳುತ್ತೆ. ಈ ಕೆಲಸಗಾರ ಅದನ್ನು ಕತ್ತರಿಸಿದರೆ ಲವಂಗದ ಘಮ.

“ಹಾಗಾದ್ರೆ ಎಲ್ಲಾ ಬನ್ನಲ್ಲೂ ಯಾಕೆ ಬರಲ್ಲ?” ಅಂತ ಸೆಲ್ವಿ ಕೇಳಿದರು.

“ಮನುಷ್ಯ ಬೆಳೆಸಿ ಸಾಕಿದ ಎಷ್ಟೋ ಯೀಸ್ಟುಗಳಲ್ಲಿ ಆ ಜೀನು ಕೆಟ್ಟು ನಿಂತಿರುತ್ತೆ ಆಂಟಿ. ನಿಮ್ಮದರಲ್ಲಿ ಚಾಲೂ ಇದೆ ಅನ್ನಿಸುತ್ತೆ. ಅದನ್ನು ಓದಿ ನೋಡೋಣ.”

ಸೆಲ್ವಿ ಫೀಸು ಕಡಿಮೆ ಮಾಡಿ ಅಂದರು. ಮಾಡಲಿಲ್ಲ. “ನೀವು ಗೆದ್ದರೂ ಇದೇ ಫೀಸು, ಸೋತರೂ ಇದೇ ಫೀಸು. ನಿಮಗೆ ಬೇಕಾದ ಉತ್ತರಕ್ಕೆ ಕಡಿಮೆ ಮಾಡೋ ಲ್ಯಾಬ್ ಸಿಕ್ಕರೆ ಅದರ ಹತ್ತಿರ ಹೋಗಬೇಡಿ” ಅಂದೆ. ಮುಖ ಸಣ್ಣದು ಮಾಡಿಕೊಂಡರು. ಆದರೆ ಬನ್ನಿನ ಡಬ್ಬಿ ಬಿಟ್ಟು ಹೋದರು. ಅಷ್ಟನ್ನು ನಾನು ಬೇಡ ಅನ್ನಲಿಲ್ಲ.

ಪರೀಕ್ಷೆ ಶುರು ಮಾಡುವ ಮುಂಚೆ ನಾನು ಮಾಡಿದ ಮೊದಲ ಕೆಲಸ ರಘುನಂದನ್ ಅವರನ್ನು ಕಂಡದ್ದು. ಇದನ್ನು ಯಾವ ವೃತ್ತಿಯವರಾದರೂ ನೆನಪಿಡಿ: ಉತ್ತರ ಕೈಗೆ ಬಂದ ಮೇಲೆ ಎದುರಿನವರನ್ನು ಒಪ್ಪಿಸಲು ಹೋಗಬಾರದು. ಯಾವ ಉತ್ತರ ಬಂದರೆ ಒಪ್ಪುತ್ತೀರಿ ಅಂತ ಮೊದಲೇ ಕುದುರಿಸಿಕೊಂಡಿರಬೇಕು. ರಘುನಂದನ್ ಒರಟು ಮನುಷ್ಯರೇನಲ್ಲ. ಕೊಟ್ಟ ಟೀಯನ್ನೂ ಮೂಸಿ ಕುಡಿಯುವ ಜಾತಿ.

“ಮೇಡಮ್, ಆ ವಿನೈಲ್ ಏನೋ ಅಂದ್ರಲ್ಲ, ಅದೂ ಬಾಟಲಿಯಲ್ಲಿ ಸಿಗುತ್ತಂತೆ. ಅದನ್ನೇ ಹಾಕಿದ್ರೆ?”

“ಸರಿ. ಆ ಯೀಸ್ಟನ್ನು ಬೇಕರಿಯಿಂದ ತೆಗೆದು, ನನ್ನ ಲ್ಯಾಬಿನ ಟ್ಯೂಬಿನಲ್ಲಿ ಬೆಳೆಸಿ, ಅಲ್ಲೂ ಅದೇ ಘಮ ಬಂದರೆ?”

“ನನ್ನ ಮೂಗಿಗೆ ಬರಬೇಕು.”

“ನಿಮ್ಮ ಮೂಗಿಗೇ. ಜೊತೆಗೆ, ಯಾಕೆ ಬರುತ್ತೆ ಅಂತ ಡಿಎನ್‌ಎಯಲ್ಲಿ ತೋರಿಸಿದರೆ?”

“ಎರಡೂ ಆದ್ರೆ ಒಪ್ತೀನಿ. ಒಂದೇ ಆದ್ರೆ ಇಲ್ಲ.”

ಕೈ ಕುಲುಕಿ ಎದ್ದೆ.

ಮರುದಿನ ನಾನು, ನಯನಾ ಭದ್ರಾವತಿಗೆ ಹೋದೆವು. ಬೇಕರಿ ಮದುವೆಮನೆಯ ಹಾಗೆ ತಯಾರಾಗಿತ್ತು. ನೆಲ ಸಾರಿಸಿ ರಂಗೋಲಿ, ಒಲೆಗೆ ಕುಂಕುಮ, ಕೆಲಸದ ಹೆಂಗಸರಿಗೆಲ್ಲ ಹೊಸ ಏಪ್ರನ್. ಭರಣಿಗೆ ಮಲ್ಲಿಗೆ ದಂಡೆ ಸುತ್ತಿದ್ದರು. ಮುಚ್ಚಳ ತೆಗೆದರೆ ಹಿಟ್ಟು ಭರಣಿಯ ಕಂಠದವರೆಗೆ ಉಬ್ಬಿ, ನೊರೆನೊರೆಯಾಗಿ ನಗುತ್ತಿತ್ತು.

“ಎಷ್ಟು ಆರೋಗ್ಯವಾಗಿದೆ!” ಅಂದಳು ನಯನಾ. ಸೆಲ್ವಿ ಮಗಳ ಮಾರ್ಕ್ಸ್ ಕಾರ್ಡ್ ಹೊಗಳಿಸಿಕೊಂಡ ತಾಯಿಯ ಹಾಗೆ ಬೀಗಿದರು. ನಾವು ಟ್ಯೂಬಿನಲ್ಲಿ ಹಿಟ್ಟು ತುಂಬಿಕೊಂಡು, ಬಿಸಿ ಬನ್ನು ತಿಂದು, ಬಸ್ ಹತ್ತಿದೆವು. ನಯನಾ ದಾರಿಯಲ್ಲಿ ಅಂಗಡಿಯೊಂದರಿಂದ ಹೋಲಿಕೆಗೆ ಅಂತ ಬೇಕರಿ ಯೀಸ್ಟಿನ ಪ್ಯಾಕೆಟ್ ಒಂದನ್ನು ಕೊಂಡಳು.

ಲ್ಯಾಬಿನಲ್ಲಿ ಅವಳು ಹಿಟ್ಟಿನಿಂದ ಡಿಎನ್‌ಎ ತೆಗೆದು, ಎಫ್‌ಡಿಸಿ-1 ಜೀನಿನ ಮುಂಭಾಗದ ಸುಮಾರು ಏಳುನೂರು ಅಕ್ಷರಗಳ ತುಂಡನ್ನು ಪಿಸಿಆರ್‌ನಲ್ಲಿ ನಕಲು ಮಾಡಿದಳು. ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರ ನಮ್ಮಲ್ಲಿಲ್ಲ. ಅದಕ್ಕೆ ಬೆಂಗಳೂರಿಗೆ ಕೊರಿಯರ್. ಅವರು ಓದಿ ಫೈಲ್ ಕಳಿಸುತ್ತಾರೆ, ಅದನ್ನು ಅರ್ಥ ಮಾಡಿಕೊಳ್ಳುವುದು ನಮ್ಮ ಕೆಲಸ.

ಫೈಲ್ ಬಂದ ದಿನ ನಾನು ಸಿಹಿ ತರಿಸಿಟ್ಟಿದ್ದೆ. ನಯನಾ ಕಂಪ್ಯೂಟರಿನ ಮುಂದೆ ಕೂತು ಸಾಲನ್ನು ಎರಡೆರಡು ಸಲ ಓದಿದಳು.

“ಕೆಟ್ಟ ಜೀನು ಮೇಡಮ್” ಅಂದಳು ಕೊನೆಗೆ.

ಡಿಎನ್‌ಎಯನ್ನು ಕೋಶ ಮೂರು ಮೂರು ಅಕ್ಷರವಾಗಿ ಓದುತ್ತೆ. ಕೆಲವು ಮೂರಕ್ಷರಕ್ಕೆ ‘ಇಲ್ಲಿಗೆ ನಿಲ್ಲಿಸು’ ಅಂತ ಅರ್ಥ. ಎ ಇರಬೇಕಾದ ಒಂದು ಜಾಗದಲ್ಲಿ ಟಿ ಬಂದು, ಜೀನಿನ ಆರಂಭದಲ್ಲೇ ಆ ನಿಲ್ಲಿಸು ಗುರುತು ಬಿದ್ದಿತ್ತು. ಕೆಲಸಗಾರ ಅರ್ಧಕ್ಕೇ ನಿಂತ, ಕತ್ತರಿಸುವುದು ಯಾರು? ನಾವು ಕೊಂಡ ಪ್ಯಾಕೆಟ್ಟಿನ ಯೀಸ್ಟಿನಲ್ಲೂ ಅದೇ ಜಾಗದಲ್ಲಿ ಅದೇ ಟಿ. ಅಂದರೆ ಸೆಲ್ವಿಯ ಭರಣಿಯಲ್ಲಿರುವುದು ಅಂಗಡಿ ಯೀಸ್ಟು. ಅದು ಲವಂಗದ ಘಮ ಕೊಡಲಾರದು. ಹಾಗಾದರೆ ಘಮ ಬಾಟಲಿಯದು.

ನನಗೆ ನಿಜಕ್ಕೂ ಬೇಜಾರಾಯಿತು. ಸಿಹಿಯ ಡಬ್ಬಿಯನ್ನು ಕಪಾಟಿನೊಳಗೆ ಸರಿಸಿದೆ. ಆದರೆ ನಯನಾ ಎದ್ದಿರಲಿಲ್ಲ. ಸೀಕ್ವೆನ್ಸಿಂಗ್ ಫೈಲಿನಲ್ಲಿ ಅಕ್ಷರಗಳ ಜೊತೆ ಒಂದು ಚಿತ್ರವೂ ಇರುತ್ತೆ: ನಾಲ್ಕು ಬಣ್ಣದ ಗುಡ್ಡಗಳ ಸಾಲು, ಒಂದೊಂದು ಗುಡ್ಡಕ್ಕೆ ಒಂದು ಅಕ್ಷರ. ಕಂಪ್ಯೂಟರ್ ದೊಡ್ಡ ಗುಡ್ಡವನ್ನಷ್ಟೇ ಓದುತ್ತೆ. ನಯನಾ ಚಿತ್ರವನ್ನು ಹಿಗ್ಗಿಸಿದಳು.

“ಇಲ್ಲಿ ನೋಡಿ. ಟಿ ಅನ್ನೋ ಕೆಂಪು ಗುಡ್ಡದ ಬುಡದಲ್ಲಿ ಸಣ್ಣದೊಂದು ಹಸಿರು ಗುಡ್ಡ. ಅದು ಎ. ಪ್ಯಾಕೆಟ್ ಯೀಸ್ಟಿನ ಚಿತ್ರದಲ್ಲಿ ಇದಿಲ್ಲ. ಇದರಲ್ಲಿ ಎರಡು ಯೀಸ್ಟ್ ಸೇರಿಕೊಂಡಿದೆ ಮೇಡಮ್. ದೊಡ್ಡ ಪಾಲು ಅಂಗಡೀದು. ಸಣ್ಣ ಪಾಲು ಯಾರದೋ!”

ಸೆಲ್ವಿಗೆ ಫೋನ್ ಹಚ್ಚಿದೆ.

“ಸೆಲ್ವಿಯವರೇ, ಸತ್ಯ ಹೇಳಿ. ಭರಣಿಗೆ ಪ್ಯಾಕೆಟ್ ಯೀಸ್ಟ್ ಹಾಕಿದ್ರಾ?”

“ಹೂಂ ಅಕ್ಕಾ” ಅಂದರು, ಏನೂ ಆಗಿಲ್ಲದ ಹಾಗೆ.

“ಯಾವಾಗ?”

“ನೀವು ಬರೋ ಹಿಂದಿನ ದಿನ. ಬೇಸಿಗೆ ಅಲ್ವಾ, ಹಿಟ್ಟು ಸ್ವಲ್ಪ ಸೊರಗಿತ್ತು. ದೊಡ್ಡ ಲ್ಯಾಬಿನವರು ನೋಡೋಕೆ ಬರ್ತಾರೆ, ಹೆಣ್ಣು ನೋಡೋಕೆ ಬಂದಾಗ ಮಗಳನ್ನ ಮಾಸಿದ ಸೀರೆಯಲ್ಲಿ ನಿಲ್ಲಿಸ್ತೀವಾ? ಎರಡು ಪ್ಯಾಕೆಟ್ ಹಾಕಿದೆ. ಚೆನ್ನಾಗಿ ಉಬ್ತು. ನಿಮ್ಮ ಹುಡುಗಿ ಹೊಗಳಿದ್ರಲ್ಲ!”

ನಾನು ಫೋನು ಕೆಳಗಿಟ್ಟು ನಕ್ಕಿದ್ದು ಟೈರ್ ಅಂಗಡಿಯವರಿಗೂ ಕೇಳಿಸಿತಂತೆ. ಇಷ್ಟು ವರ್ಷದಲ್ಲಿ ಹಾಲಿಗೆ ನೀರು ಹಾಕಿದವರನ್ನು ಕಂಡಿದ್ದೇನೆ, ಜೇನಿಗೆ ಬೆಲ್ಲ ಹಾಕಿದವರನ್ನು ಕಂಡಿದ್ದೇನೆ. ಪರೀಕ್ಷೆಗೆ ಹೋಗುವ ಹಿಟ್ಟಿಗೆ ಸಿಂಗಾರ ಮಾಡಿದವರನ್ನು ಕಂಡದ್ದು ಅದೇ ಮೊದಲು.

ನಗು ನಿಂತ ಮೇಲೆ ಕಷ್ಟ ಕಂಡಿತು. ನಯನಾ ಹಿಟ್ಟನ್ನು ಅಗರ್ ಅನ್ನುವ ಜೆಲ್ಲಿಯ ತಟ್ಟೆಯ ಮೇಲೆ ತೆಳ್ಳಗೆ ಹರಡಿ, ಬಿಡಿಬಿಡಿ ಯೀಸ್ಟ್ ಚುಕ್ಕೆಗಳನ್ನು ಬೆಳೆಸಿದಳು. ಒಂದೊಂದು ಚುಕ್ಕೆಯೂ ಒಂದೇ ಕೋಶದ ಸಂತಾನ. ಅವುಗಳಲ್ಲಿ ಕೆಲವು ಮಾತ್ರ ಫೆರುಲಿಕ್ ಆಸಿಡ್ ಹಾಕಿದ ಟ್ಯೂಬಿನಲ್ಲಿ ಲವಂಗದ ಘಮ ಕೊಟ್ಟವು. ನಮಗೆ ಅಷ್ಟು ಸಾಕಿತ್ತು. ರಘುನಂದನ್‌ಗೆ ಸಾಲಲಿಲ್ಲ.

“ದೂರು ಬಂದ ಮೇಲೆ ಅವರು ಆ ಭರಣಿಗೆ ಕೈ ಹಾಕಿದ್ದಾರೆ. ಪ್ಯಾಕೆಟ್ ಹಾಕಿದ್ದು ಒಪ್ಪಿದ್ರು. ಇನ್ನೇನು ಹಾಕಿದ್ರೋ, ಎಲ್ಲಿಂದ ತಂದು ಹಾಕಿದ್ರೋ, ನಾನು ಹೇಗೆ ನಂಬಲಿ ಮೇಡಮ್?”

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಸೆಲ್ವಿಯನ್ನು ಲ್ಯಾಬಿಗೆ ಕರೆಸಿ, ದೂರು ಬರುವುದಕ್ಕೆ ಮುಂಚಿನ ಹಳೇ ಹಿಟ್ಟು ಬೇರೆ ಎಲ್ಲಾದರೂ ಇದೆಯಾ ಅಂತ ಕೇಳಿದೆ. ಅವರು ಸೆರಗಿನ ತುದಿ ಸುತ್ತಿದರು, ಬಿಚ್ಚಿದರು.

“ಇದೆ. ಕಲಾ ಹತ್ತಿರ.”

ಕಲಾ ಅವರ ನಾದಿನಿ, ಗಂಡನ ತಂಗಿ. ಇಲ್ಲೇ ಶಿವಮೊಗ್ಗದ ಕೋಟೆ ಬೀದಿಯ ಪಾತ್ರೆ ಅಂಗಡಿಯವರ ಮನೆಗೆ ಮದುವೆಯಾಗಿ ಬಂದವಳು. ಸೆಲ್ವಿಯ ಅತ್ತೆ, ಅಂದರೆ ಕಲಾಳ ತಾಯಿ, ತೀರಿಕೊಂಡ ಮೇಲೆ ಒಂದು ದಿನ ತವರಿಗೆ ಹೋದವಳು ಭರಣಿಯಿಂದ ಒಂದು ಮುದ್ದೆ ಹಿಟ್ಟು ಟಿಫಿನ್ ಬಾಕ್ಸಿಗೆ ಹಾಕಿಕೊಂಡು ಬಂದಿದ್ದಳು. ಸೆಲ್ವಿ ಅದನ್ನು ನೆಂಟರಿಷ್ಟರಿಗೆಲ್ಲ ‘ಕಲಾ ಹಿಟ್ಟು ಕದ್ದಳು’ ಅಂತ ಹೇಳಿದ್ದರು. ಅಲ್ಲಿಂದ ಮಾತು ನಿಂತು ವರ್ಷಗಳಾಗಿದ್ದವು.

“ಅವಳ ಹತ್ತಿರ ನಾನಂತೂ ಹೋಗಲ್ಲ” ಅಂದರು ಸೆಲ್ವಿ.

ನಾನು, ನಯನಾ ಹೋದೆವು. ಪಾತ್ರೆ ಅಂಗಡಿಯ ಹಿಂದಿನ ಮೆಟ್ಟಿಲು ಹತ್ತುವಾಗಲೇ ನಯನಾ ನನ್ನ ಕೈ ಹಿಡಿದಳು. ಮೇಲಿನಿಂದ ಲವಂಗದ ಘಮ ಇಳಿದು ಬರುತ್ತಿತ್ತು. ಕಲಾ ಕುಕ್ಕರಿನಲ್ಲಿ ಬನ್ನು ಬೇಯಿಸುತ್ತಿದ್ದಳು. ಬಂದ ಕಾರಣ ಹೇಳಿದೆ.

“ಅತ್ತಿಗೆ ಕಳಿಸಿದ್ರಾ?”

“ಇಲ್ಲಮ್ಮ, ಅವರು ಬರಲ್ಲ ಅಂದ್ರು. ನಾವೇ ಬಂದ್ವಿ.”

“ಹಾಗಾದ್ರೆ ಕಾಫಿ ಕೊಡ್ತೀನಿ. ಅವರು ಕಳಿಸಿದ್ರೆ ಬರೀ ನೀರು ಅಂದ್ಕೊಂಡಿದ್ದೆ.”

ನಾನು ಕುದುರಿಸಲು ಕೂತೆ. ಒಂದು ಚಮಚ ಹಿಟ್ಟು ಸಾಕು ಅಂದೆ. ನಿಮ್ಮ ತಾಯಿಯ ಬೇಕರಿ ಉಳಿಯುತ್ತೆ ಅಂದೆ. ವರದಿಯಲ್ಲಿ ನಿಮ್ಮ ಹೆಸರೂ ಬರುತ್ತೆ ಅಂದೆ. ಕಲಾ ಎಲ್ಲಕ್ಕೂ ತಲೆಯಾಡಿಸಿ ಬನ್ನು ತಿರುವಿಹಾಕುತ್ತಿದ್ದಳು. ಎದುರಿನವರ ಬೆಲೆ ಏನು ಅಂತ ಗೊತ್ತಾಗದಿದ್ದರೆ ಬಾಯಿ ಮುಚ್ಚಿಕೊಂಡು ಕೂರಬೇಕು, ಅವರೇ ಹೇಳುತ್ತಾರೆ. ಕೂತೆ. ಹೇಳಿದಳು.

“ಒಂದು ಚಮಚ ಯಾಕೆ, ಒಂದು ಪಾತ್ರೆ ಕೊಡ್ತೀನಿ. ಆದ್ರೆ ಮೇಡಮ್, ಕದ್ದ ಮಾಲನ್ನು ಯಾರಾದ್ರೂ ಲ್ಯಾಬಿಗೆ ಕೊಡ್ತಾರಾ? ಇದು ಯಾರ ಹಿಟ್ಟು ಅಂತ ಅತ್ತಿಗೆ ಬಂದು ಹೇಳ್ಲಿ. ನಾಲ್ಕು ಜನರ ಮುಂದೆ ಕಳ್ಳಿ ಅಂದ್ರು. ನಾಲ್ಕು ಜನರ ಮುಂದೇನೇ ಹೇಳ್ಲಿ.”

ವಾಪಸು ಬಂದು ಸೆಲ್ವಿಗೆ ಇದನ್ನು ಹಾಗೇ ಒಪ್ಪಿಸಿದೆ. ಅವರು ಮುಖ ತಿರುಗಿಸಿದರು.

“ಮೊನ್ನೆ ಇದೇ ಕುರ್ಚಿಯಲ್ಲಿ ಕೂತು ಅತ್ತಿರಲ್ಲ, ಮಾಡದ ತಪ್ಪಿಗೆ ಕೆಟ್ಟ ಹೆಸರು ಬಂತು ಅಂತ. ಕೋಟೆ ಬೀದಿಯಲ್ಲೂ ಒಬ್ಬಳು ಅದನ್ನೇ ಹೇಳ್ತಿದ್ದಾಳೆ” ಅಂದೆ. “ನಿಮ್ಮ ಹೆಸರು ತೊಳೆಯೋಕೆ ನಾನು ಬೇಕು. ಅವಳದನ್ನು ತೊಳೆಯೋಕೆ ನೀವೊಬ್ಬರೇ ಸಾಕು.”

ಸೆಲ್ವಿ ಎದ್ದು ಬಸ್ ಸ್ಟ್ಯಾಂಡಿಗೆ ಹೋದರು. ಮರುದಿನ ಬೆಳಿಗ್ಗೆ ಅವರದೇ ಫೋನು: “ಎಷ್ಟು ಹೊತ್ತಿಗೆ ಹೋಗೋಣ ಅಕ್ಕಾ?”

ಸ್ಯಾಂಪಲ್ ತೆಗೆಯುವುದನ್ನು ರಘುನಂದನ್ ಕಣ್ಣಾರೆ ನೋಡಬೇಕಾಗಿದ್ದರಿಂದ ಅವರನ್ನೂ ಕರೆದಿದ್ದೆ. ಕಲಾಳ ಅಡುಗೆಮನೆ ಸಣ್ಣದು. ನಾವು ನಾಲ್ವರು ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಬಾಗಿಲಲ್ಲಿ ಕಲಾಳ ಗಂಡ, ಅತ್ತೆ, ಪಕ್ಕದ ಮನೆಯ ಇಬ್ಬರು. ಕಲಾ ಫ್ರಿಜ್ಜಿನಿಂದ ಟಿಫಿನ್ ಬಾಕ್ಸ್ ತೆಗೆದು ಕಟ್ಟೆಯ ಮೇಲಿಟ್ಟಳು. ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ. ನಯನಾ ಟ್ಯೂಬಿನ ಮೇಲೆ ಬರೆಯಲು ಪೆನ್ನು ಹಿಡಿದಿದ್ದಳು.

ರಘುನಂದನ್‌ಗೆ ಮನೆಯ ಕಥೆ ಏನೂ ಗೊತ್ತಿರಲಿಲ್ಲ. ವಿಚಾರಣೆಯ ಧಾಟಿಯಲ್ಲಿ ಕೇಳಿದರು: “ಇದು ಯಾರ ಹಿಟ್ಟು?”

“ನಮ್ಮ ಅತ್ತೆದು” ಅಂದರು ಸೆಲ್ವಿ.

ಕಲಾಳ ಕೈ ಮುಚ್ಚಳದ ಮೇಲೇ ಇತ್ತು.

ಸೆಲ್ವಿ ಆ ಕೈಯನ್ನು ನೋಡಿದರು. “ಅತ್ತೆಯ ಮಗಳದು. ಅವಳು ತವರಿಂದ ತಗೊಂಡು ಬಂದಿದ್ದು. ಕದ್ದಿದ್ದಲ್ಲ. ಕದ್ದಳು ಅಂತ ನಾನು ಹೇಳಿದ್ದು ತಪ್ಪು.” ಆಮೇಲೆ ನಯನಾಳ ಕಡೆ ತಿರುಗಿ, “ಟ್ಯೂಬಿನ ಮೇಲೆ ಬರೀಮ್ಮ, ಕಲಾ ಹಿಟ್ಟು ಅಂತ.”

ಕಲಾ ಮುಚ್ಚಳ ತೆಗೆದಳು. ರಘುನಂದನ್ ಬಗ್ಗಿ ಮೂಸಿ, ಹುಬ್ಬು ಮೇಲೇರಿಸಿದರು. ಅವತ್ತು ಎಲ್ಲರಿಗೂ ಕಾಫಿ ಸಿಕ್ಕಿತು.

ಮತ್ತೆ ತಟ್ಟೆ, ಮತ್ತೆ ಪಿಸಿಆರ್, ಮತ್ತೆ ಕೊರಿಯರ್. ಈ ಸಲ ಬಿಡಿ ಚುಕ್ಕೆಗಳನ್ನೇ ಆರಿಸಿ ಕಳಿಸಿದ್ದರಿಂದ ಗುಡ್ಡಗಳು ಒಂದೊಂದೇ, ನೆಟ್ಟಗೆ ನಿಂತಿದ್ದವು. ಹೊಸ ಅಂಗಡಿಯ ಓಪನಿಂಗಿಗೆ ಇನ್ನೂ ಎರಡು ದಿನ ಇರುವಾಗ ಎಲ್ಲರನ್ನೂ ಲ್ಯಾಬಿಗೆ ಕರೆದೆ. ನಯನಾ ಹೆಸರು ಮರೆಮಾಡಿದ ಮೂರು ಟ್ಯೂಬ್‌ಗಳನ್ನು ರಘುನಂದನ್ ಮುಂದೆ ಇಟ್ಟಳು. ಮೂರರಲ್ಲೂ ಒಂದೇ ದ್ರಾವಣ, ಒಂದೇ ಅಳತೆಯ ಫೆರುಲಿಕ್ ಆಸಿಡ್. ಬೇರೆ ಇದ್ದದ್ದು ಯೀಸ್ಟ್ ಮಾತ್ರ.

ಅವರು ಕಣ್ಣು ಮುಚ್ಚಿ ಮೂಸಿದರು. “ಇದು ಬರೀ ಬ್ರೆಡ್ಡು. ಇದು ಲವಂಗ.” ಮೂರನೆಯದಕ್ಕೆ ಬಂದವರು ನಿಂತು, ಕಿಟಕಿಯ ಹತ್ತಿರ ಹೋಗಿ ಉಸಿರೆಳೆದುಕೊಂಡು ಬಂದು ಮತ್ತೆ ಮೂಸಿದರು. “ಇದೂ ಲವಂಗ!”

ಮೊದಲನೆಯದು ಪ್ಯಾಕೆಟ್ಟಿನದು. ಎರಡನೆಯದು ಕಲಾಳದು. ಮೂರನೆಯದು ಸೆಲ್ವಿಯ ಭರಣಿಯಲ್ಲಿ ಸಿಂಗಾರದ ಅಡಿಯಲ್ಲಿ ಉಳಿದುಕೊಂಡಿದ್ದ ಹಳೇ ಯೀಸ್ಟು.

ನಯನಾ ಪರದೆಯ ಮೇಲೆ ಮೂರು ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಪ್ಯಾಕೆಟ್ಟಿನದರಲ್ಲಿ ಟಿ, ನಿಲ್ಲಿಸು ಗುರುತು. ಕಲಾ, ಸೆಲ್ವಿ ಇಬ್ಬರದರಲ್ಲೂ ಎ, ಜೀನು ಸಲೀಸಾಗಿ ಮುಂದಕ್ಕೆ. ಆಮೇಲೆ ಅವಳು ಇನ್ನೊಂದು ಜಾಗ ತೋರಿಸಿದಳು.

“ಇಲ್ಲಿ ಪ್ಯಾಕೆಟ್ಟಿನದರಲ್ಲಿ ಟಿ ಇದೆ. ಡೇಟಾಬೇಸಿನಲ್ಲಿ ನಾನು ಹೋಲಿಸಿದ ಯೀಸ್ಟುಗಳಲ್ಲೂ ಟಿ. ಈ ಎರಡರಲ್ಲಿ ಮಾತ್ರ ಸಿ. ಇದರಿಂದ ಜೀನಿನ ಕೆಲಸಕ್ಕೆ ಏನೂ ವ್ಯತ್ಯಾಸ ಇಲ್ಲ. ಸುಮ್ಮನೆ ಮನೆತನದ ಗುರುತು, ಮಚ್ಚೆ ಇದ್ದ ಹಾಗೆ. ಎರಡು ಹಿಟ್ಟೂ ಒಂದೇ ಮೂಲದ್ದು ಅನ್ನೋಕೆ ಇದು ಒಳ್ಳೇ ಆಧಾರ.”

“ಅಂದ್ರೆ ನನ್ನ ಹಿಟ್ಟು, ಅವಳ ಹಿಟ್ಟು ಒಂದೇನಾ?” ಅಂದರು ಸೆಲ್ವಿ.

“ಬೇರೆ ಅಂತ ಹೇಳಿಕೊಂಡು ತಿರುಗಿದ್ದು ನೀವು” ಅಂದಳು ಕಲಾ. ಇಬ್ಬರೂ ನಕ್ಕರು. ನಯನಾ ಕಪಾಟಿನ ಸಿಹಿ ತೆಗೆದಳು; ಮೊದಲ ಸಲ ತಂದದ್ದಲ್ಲ, ಹೊಸದು.

ರಘುನಂದನ್ ಮಾತಿಗೆ ತಪ್ಪುವವರಲ್ಲ. ಆರ್ಡರ್ ಮುಂದುವರಿಯುತ್ತೆ, ದೂರು ಕೊಟ್ಟವರಿಗೂ ತಾನೇ ಬರೆಯುತ್ತೇನೆ ಅಂದರು. ಅಷ್ಟಕ್ಕೇ ಬಿಟ್ಟರೆ ನಾನು ನಾನೇ ಅಲ್ಲ. “ಇಷ್ಟು ದಿನ ಹಿಂದಿನ ಸಾಲಿನಲ್ಲಿ ಇಡ್ತಿದ್ರಿ. ಹೊಸ ಅಂಗಡಿಯಲ್ಲಿ ಬಾಗಿಲ ಹತ್ತಿರದ ಶೆಲ್ಫು ಕೊಡಿ. ಒಳಗೆ ಬರೋರ ಮೂಗಿಗೆ ಮೊದಲು ಇದೇ ಬೀಳಲಿ” ಅಂದೆ. ಅವರು ನನ್ನ ಮುಖ, ಬನ್ನಿನ ಡಬ್ಬಿ, ಎರಡನ್ನೂ ನೋಡಿದರು. ಕೊಟ್ಟರು.

ಉಳಿದದ್ದು ಭರಣಿ. ಅದರೊಳಗೆ ಅಂಗಡಿ ಯೀಸ್ಟು ಸೇರಿಬಿಟ್ಟಿತ್ತಲ್ಲ. ದಿನ ಕಳೆದಂತೆ ಅದೇ ಬಲಿತು, ಹಳೆಯದನ್ನು ಒತ್ತಿಹಾಕಿ ಘಮ ಮಾಯವಾಗುವ ಸಾಧ್ಯತೆ ಇತ್ತು. ಎಲ್ಲ ಚೆಲ್ಲಿ, ತೊಳೆದು, ಹೊಸದಾಗಿ ಹೂಡಬೇಕು ಅಂದಳು ನಯನಾ. ಹೂಡಲು ಶುದ್ಧ ಹಿಟ್ಟು ಇದ್ದದ್ದು ಒಂದೇ ಕಡೆ.

ಕಲಾ ಅದೇ ಟಿಫಿನ್ ಬಾಕ್ಸ್ ಹಿಡಿದು ಭದ್ರಾವತಿಗೆ ಬಂದಳು. ನಾವೂ ಹೋಗಿದ್ದೆವು. ಭರಣಿಯನ್ನು ಕುದಿನೀರಲ್ಲಿ ತೊಳೆದು ಬಿಸಿಲಿಗೆ ಇಟ್ಟಿದ್ದರು. ಈ ಸಲ ಮಲ್ಲಿಗೆ ದಂಡೆ 'ಹಿಟ್ಟು ಸೇರಿದ ಮೇಲೇ' ಅಂತ ನಯನಾಳ ಕಟ್ಟಪ್ಪಣೆ. ಕಲಾ ತನ್ನ ಕೈಯಾರೆ ಮುದ್ದೆಯನ್ನು ಭರಣಿಗೆ ಇಳಿಸಿದಳು. ಸೆಲ್ವಿ ಅದನ್ನೇ ನೋಡುತ್ತ ನಿಂತಿದ್ದರು.

“ಒಂದು ಮಾತು ಹೇಳ್ತೀನಿ ಕಲಾ. ಆವತ್ತು ನೀನು ಕೇಳಿದ್ದಿದ್ರೆ ನಾನು ಈ ಹಿಟ್ಟು ಕೊಡ್ತಾ ಇರ್ಲಿಲ್ಲ.”

“ಗೊತ್ತಿತ್ತು ಅತ್ತಿಗೆ. ಅದಕ್ಕೇ ಕೇಳ್ಲಿಲ್ಲ.”

ಕೆಲಸದ ಹೆಂಗಸರೆಲ್ಲ ಹೋ ಅಂತ ನಕ್ಕರು. ಸೆಲ್ವಿ ಹಿಟ್ಟಿನ ಕೈಯಲ್ಲೇ ನಾದಿನಿಯ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಸೀರೆಯ ಮೇಲೆ ಐದು ಬೆರಳು ಮೂಡಿದವು.

ಈ ಕೇಸಾದ ಮೇಲೆ ನಮ್ಮ ಲ್ಯಾಬಿನ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿದ್ದೇನೆ: ‘ಸ್ಯಾಂಪಲ್ಲಿಗೆ ಸಿಂಗಾರ ಬೇಡ. ಸೊರಗಿದ್ದರೆ ಸೊರಗಿದ ಹಾಗೇ ತನ್ನಿ.’ ಬಂದವರು ಓದಿ ನಗುತ್ತಾರೆ. ನಗಲಿ, ಆದರೆ ಪಾಲಿಸಲಿ. ಪರೀಕ್ಷೆ ಮಾಡುವವರ ಮುಂದೆ ಚಂದ ಕಾಣಲು ಹೋಗಿ ತನ್ನ ಪರವಾಗಿದ್ದ ಸಾಕ್ಷಿಯನ್ನೇ ಮುಚ್ಚಿಕೊಳ್ಳುವವರು ಹಿಟ್ಟಿನ ವಿಷಯದಲ್ಲಿ ಮಾತ್ರ ಇಲ್ಲ.

ವೃತ್ತಿ ಕಲಿಸಿದ ಇನ್ನೊಂದು ಪಾಠ ನನ್ನ ಫ್ರೀಜರಿನಲ್ಲಿದೆ. ಬೆಲೆಬಾಳುವ ಜೀವ ಒಂದೇ ಭರಣಿಯಲ್ಲಿ ಇರಬಾರದು. ಬೇರೆ ಮನೆಯಲ್ಲೂ ಒಂದು ಮುದ್ದೆ ಇರಬೇಕು, ಕೊಟ್ಟಾದರೂ ಸರಿ, ಒಯ್ಯಲು ಬಿಟ್ಟಾದರೂ ಸರಿ. ಅವತ್ತು ಹೊರಡುವಾಗ ಲ್ಯಾಬಿಗೆ ಒಂದು ಟ್ಯೂಬ್ ಹಿಟ್ಟು ಬೇಕು ಅಂದೆ. ಇಬ್ಬರೂ ಒಟ್ಟಿಗೆ ಕೈ ಚಾಚಿ ತುಂಬಿಕೊಟ್ಟರು. ನಯನಾ ಅದರಿಂದ ಬೆಳೆಸಿದ ಯೀಸ್ಟು, ಐಸ್‌ಕ್ರೀಮ್ ಅಂಗಡಿಗೆ ಅಂತ ನಮ್ಮ ಮನೆಯವರು ನಕ್ಕಿದ್ದ ಆ ಫ್ರೀಜರಿನಲ್ಲಿ, ಮೈನಸ್ ಎಂಬತ್ತರಲ್ಲಿ ನಿದ್ದೆ ಮಾಡುತ್ತಿದೆ. ಟ್ಯೂಬಿನ ಮೇಲೆ ಏನು ಬರೆಯಲಿ ಅಂತ ನಯನಾ ಕೇಳಿದಾಗ ಸೆಲ್ವಿ ‘ಕಲಾ’ ಅಂದರು, ಕಲಾ ‘ಅತ್ತಿಗೆ’ ಅಂದಳು. ಇಬ್ಬರನ್ನೂ ಕುದುರಿಸಿ ಅತ್ತೆಯ ಹೆಸರು ಬರೆಸಿದೆ.